ಊರಿಗೆ ಹೋಗಿ ಬಂದ ಲೆಕ್ಕ

ಠಾಣೆ ಸ್ಟೇಶನ್ನಿನಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿಗಾಗಿ ಕಾಯುವವರನ್ನು ಗುರುತಿಸಲು ಬೋರ್ಡು ನೋಡಬೇಕಾಗಿಲ್ಲ, ಅವರ ಸಾಮಾನು ನೋಡಿದರೆ ಸಾಕು. ಹೋಗುವಾಗ ಹಲ್ವಾದ ಡಬ್ಬಿ, ಖಾರಿ ಬಿಸ್ಕತ್ತು, ಮಕ್ಕಳಿಗೆಂದು ಕೊಂಡ ಹೊಸ ಬಟ್ಟೆ. ಬರುವಾಗ ಕುಚ್ಚಲಕ್ಕಿ, ತೆಂಗಿನಕಾಯಿ, ಹಪ್ಪಳ, ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ಹಗ್ಗ ಬಿಗಿದ ಉಪ್ಪಿನಕಾಯಿ ಭರಣಿ. ಹೋಗುವ ಚೀಲಕ್ಕಿಂತ ಬರುವ ಚೀಲ ಯಾವಾಗಲೂ ಭಾರ. ನಾನು ಇದನ್ನು ಐವತ್ತಕ್ಕೂ ಹೆಚ್ಚು ವರ್ಷಗಳಿಂದ ನೋಡುತ್ತ ಬಂದಿದ್ದರೂ ಅದರ ಬಗ್ಗೆ ಯೋಚಿಸಿದ್ದು ಮಾತ್ರ ಕಳೆದ ಡಿಸೆಂಬರಿನಲ್ಲಿ.

ಆ ಸಲ ನನ್ನ ಜೊತೆ ಮಗಳು ಬಂದಿದ್ದಳು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು, ನಿಮ್ಮಂತೆಯೇ. ಕನ್ನಡ ಸರಾಗವಾಗಿ ಮಾತಾಡುತ್ತಾಳೆ, ನಿಧಾನವಾಗಿ ಓದುತ್ತಾಳೆ. ಸಂಘದ ರವಿವಾರದ ಕನ್ನಡ ತರಗತಿಗೆ ಎರಡು ವರ್ಷ ಹೋದವಳು. ಮೂರನೆಯ ವರ್ಷ ಹತ್ತನೇ ಇಯತ್ತೆಯ ಟ್ಯೂಶನ್ ಬಂದು ಅದು ನಿಂತಿತು. ಅವಳು ಬಂದದ್ದು ಊರು ನೋಡಲು. ನಾನು ಹೊರಟದ್ದು ಒಂದು ಕಾಗದಕ್ಕೆ ಸಹಿ ಹಾಕಲು. ಅಣ್ಣನ ಮಗ ಹೊಸ ಮನೆ ಕಟ್ಟಿಸಬೇಕೆಂದಿದ್ದ. ಬ್ಯಾಂಕಿನವರು ಸಾಲ ಕೊಡಬೇಕಾದರೆ ಜಾಗ ಪಾಲಾಗಿ ಅವರವರ ಹೆಸರಿಗೆ ಬರಬೇಕು. "ನೀನೊಮ್ಮೆ ಬಂದು ಹೋಗು" ಎಂದು ಅಣ್ಣ ಫೋನಿನಲ್ಲಿ ಮೂರು ಸಲ ಹೇಳಿದ್ದ.

ನಿಜ ಹೇಳುತ್ತೇನೆ, ನಾನು ಹೊರಟಾಗ ನನ್ನ ತಲೆಯಲ್ಲಿ ರಸ್ತೆಗೆ ತಾಗಿದ ಹತ್ತು ಸೆಂಟ್ಸ್ ಜಾಗ ಕೂತಿತ್ತು. ಡಾಮರು ಬಂದ ಮೇಲೆ ಅಲ್ಲಿ ಬೆಲೆ ಏರಿದೆ ಎಂದು ಊರಿನಿಂದ ಬಂದವರೊಬ್ಬರು ಹೇಳಿದ್ದರು. ವರ್ಷಗಟ್ಟಲೆ ಮನಿಆರ್ಡರ್ ಕಳಿಸಿದವನು ನಾನು, ಅಷ್ಟು ಕೇಳುವ ಹಕ್ಕು ನನಗಿಲ್ಲವೇ? ಈ ವಾದವನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಮಂಡಿಸಿದ್ದೆನೆಂದರೆ, ಠಾಣೆಯಲ್ಲಿ ಗಾಡಿ ಹತ್ತುವ ಹೊತ್ತಿಗೆ ಗೆದ್ದೇ ಬಿಟ್ಟಿದ್ದೆ.

ನಾನು ಮುಂಬಯಿಗೆ ಬಂದದ್ದು 1970ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ. ಆಗ ನಮ್ಮ ಕಡೆಗೆ ರೈಲಿನ ಮಾತೇ ಇರಲಿಲ್ಲ. ಕುಂದಾಪುರದಲ್ಲಿ ಬಸ್ಸು ಹತ್ತಿದರೆ ಅಂಕೋಲೆ, ಅರಬೈಲು ಘಟ್ಟ, ಯಲ್ಲಾಪುರ, ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಪುಣೆ. ಘಟ್ಟದಲ್ಲಿ ವಾಂತಿ, ಕೊಲ್ಲಾಪುರದಲ್ಲಿ ಚಹಾ. ಸಂಬಂಧದಲ್ಲಿ ಮಾವನಾಗಬೇಕಾದವರೊಬ್ಬರು ಕೈಹಿಡಿದು ಕರೆತಂದು ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಬಿಟ್ಟರು. ಹಗಲು ಕಪ್ಪು ಬಸಿ ತೊಳೆಯುವುದು, ಮೇಜು ಒರೆಸುವುದು. ಸಂಜೆ ಕನ್ನಡ ರಾತ್ರಿಶಾಲೆ. ರಾತ್ರಿ ಅದೇ ಮೇಜುಗಳನ್ನು ಜೋಡಿಸಿ ಅದರ ಮೇಲೆ ನಿದ್ದೆ. ಈ ಕತೆಯನ್ನು ನಿಮ್ಮ ಮನೆಗಳಲ್ಲೂ ಕೇಳಿ ಕೇಳಿ ಬೇಸತ್ತಿರುತ್ತೀರಿ. ಬೇಸರವಾಗುವುದು ಸಹಜವೇ. ನಾವು ಅದನ್ನು ಹೇಳುವುದೇ ನೀವು ಎದ್ದು ಹೋಗಲಾಗದ ಊಟದ ಹೊತ್ತಿನಲ್ಲಿ. ರಾತ್ರಿಶಾಲೆಯಲ್ಲೇ ಮೆಟ್ರಿಕ್ ಆಯಿತು, ಲೋವರ್ ಪರೇಲಿನ ಒಂದು ಬಟ್ಟೆಗಿರಣಿಯ ಆಫೀಸಿನಲ್ಲಿ ಗುಮಾಸ್ತನಾದೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಈಗಿನ ದಾರಿ ಬೇರೆ. ಕೊಂಕಣ ರೈಲ್ವೆ ಕಾರ್ಪೊರೇಶನ್ ಹುಟ್ಟಿದ್ದು 1990ರಲ್ಲಿ. ಆಗ ರೈಲ್ವೆ ಮಂತ್ರಿಗಳಾಗಿದ್ದವರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್, ಕಟ್ಟುವ ಹೊಣೆ ಹೊತ್ತವರು ಇ. ಶ್ರೀಧರನ್. 1998ರ ಜನವರಿ 26ರಂದು ರೋಹಾದಿಂದ ಮಂಗಳೂರಿನವರೆಗಿನ ಇಡೀ ಮಾರ್ಗ ಉದ್ಘಾಟನೆಯಾಯಿತು. ಸುರಂಗಗಳೇ ತೊಂಬತ್ತಕ್ಕೂ ಹೆಚ್ಚು. ರತ್ನಾಗಿರಿಗೆ ಮೊದಲು ಸಿಗುವ ಕರಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರು ಉದ್ದ. ಮಧ್ಯಾಹ್ನ ಊಟ ಮಾಡಿ ಮನೆಯಿಂದ ಹೊರಟವನು ಮರುದಿನ ಬೆಳಗಿನ ಚಹಾವನ್ನು ಊರಿನಲ್ಲಿ ಕುಡಿಯಬಹುದು.

ಕೋಲಾಡ್ ಸ್ಟೇಶನ್ನಿನಲ್ಲಿ ಮಗಳು ಕಿಟಕಿಯಿಂದ ಕರೆದು ತೋರಿಸಿದಳು. ಪಕ್ಕದ ಹಳಿಯ ಮೇಲೆ ಉದ್ದಕ್ಕೂ ಲಾರಿಗಳು. ರಸ್ತೆಯಲ್ಲಿ ಓಡಬೇಕಾದ ತುಂಬಿದ ಲಾರಿಗಳು ಚಪ್ಪಟೆ ವ್ಯಾಗನ್ನುಗಳ ಮೇಲೆ ಹತ್ತಿ ಕೂತಿದ್ದವು. 1999ರಿಂದ ನಡೆದುಬಂದ ವ್ಯವಸ್ಥೆ ಇದು. ಕೋಲಾಡಿನಲ್ಲಿ ಹತ್ತಿಸಿದರೆ ಗೋವೆಯ ವೆರ್ಣಾದಲ್ಲೋ ನಮ್ಮ ಸುರತ್ಕಲ್ಲಿನಲ್ಲೋ ಇಳಿಸುತ್ತಾರೆ. ಒಬ್ಬ ಡ್ರೈವರು ತನ್ನ ಲಾರಿಯ ಸೀಟಿನಲ್ಲೇ ಕೂತು, ಸ್ಟೀರಿಂಗ್ ಮೇಲೆ ಕಾಲಿಟ್ಟು, ನಮ್ಮನ್ನು ನೋಡುತ್ತಿದ್ದ. "ಅಪ್ಪಾ, ಇವನಿಗೆ ಬೋರ್ ಆಗುವುದಿಲ್ಲವೇ?" ಎಂದಳು. ಆಗಲಿಕ್ಕಿಲ್ಲ. ದಾರಿಯುದ್ದಕ್ಕೂ ತಾನೇ ಎಳೆದುಕೊಂಡು ಬಂದ ಭಾರವನ್ನು ಒಂದಿಷ್ಟು ದೂರ ಬೇರೆಯವರು ಎಳೆದರೆ ಹೇಗಿರುತ್ತದೆಂದು ಅವನಿಗೇ ಗೊತ್ತು.

ನಮ್ಮ ಎದುರಿನ ಸೀಟಿನಲ್ಲಿ ಬೈಂದೂರಿನ ಕಡೆಯವರೊಬ್ಬರು. ಪನವೇಲ್ ದಾಟುವ ಮೊದಲೇ ಯಾವೂರು, ಯಾರ ಪೈಕಿ, ಮುಂಬಯಿಯಲ್ಲಿ ಎಲ್ಲಿ ಎಂಬ ಮೂರೂ ಪ್ರಶ್ನೆ ಮುಗಿದಿದ್ದವು. ತನಗೆ ವಾಶಿಯಲ್ಲಿ ಹೋಟೆಲಿದೆ ಎಂದರು. ಚಿಪಳೂಣಿನಲ್ಲಿ ವಡಾಪಾವ್ ತಿನ್ನುವಾಗ ಅದು ಪಾಲುದಾರಿಕೆಯ ಹೋಟೆಲಾಯಿತು. ರತ್ನಾಗಿರಿ ದಾಟಿ ದೀಪ ಆರಿಸಿದ ಮೇಲೆ, ಕೆಳಗಿನ ಬರ್ತಿನ ಕತ್ತಲೆಯಿಂದ, ತಾನಲ್ಲಿ ಮ್ಯಾನೇಜರ್ ಎಂದೂ, ಲಾಕ್‌ಡೌನ್ ಸಮಯದಲ್ಲಿ ಎಂಟು ತಿಂಗಳು ಸಂಬಳವಿರಲಿಲ್ಲವೆಂದೂ, ಅದನ್ನು ಮನೆಯಲ್ಲಿ ಇಂದಿಗೂ ಹೇಳಿಲ್ಲವೆಂದೂ ಹೇಳಿದರು. ಬೆಳಿಗ್ಗೆ ಬೈಂದೂರಿನಲ್ಲಿ ಇಳಿಯುವಾಗ ಅವರ ಬಿಳಿ ಅಂಗಿ ಇಸ್ತ್ರಿ ಮಾಡಿದಂತಿತ್ತು, ಮುಖದಲ್ಲಿ ಮತ್ತೆ ಹೋಟೆಲ್ ಮಾಲೀಕರ ಕಳೆ. ನನಗೆ ನಗು ಬರಲಿಲ್ಲ. ಊರಿಗೆ ಹೋಗುವ ಮುಂಬಯಿಯವನು ಶರಾವತಿಯ ಸೇತುವೆ ದಾಟುವ ಹೊತ್ತಿಗೆ ಒಂದು ಗೇಣು ಎತ್ತರವಾಗುತ್ತಾನೆ. ನಾನೂ ಆಗಿದ್ದೇನೆ.

ಕುಂದಾಪುರದಲ್ಲಿ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಅಣ್ಣ ಮಫ್ಲರು ಸುತ್ತಿಕೊಂಡು ನಿಂತಿದ್ದ. "ಲೇಟಿಲ್ಯಾ ಇವತ್ತ್?" ಎಂದ, ಅಷ್ಟೇ. ಒಂದೂವರೆ ವರ್ಷದ ಮೇಲೆ ನೋಡಿದ ತಮ್ಮನಿಗೆ ಹೇಳುವ ಮಾತು ನಮ್ಮ ಕಡೆ ಇಷ್ಟೇ. ಮಗಳ ಚೀಲವನ್ನು ಅವಳು ಬೇಡವೆಂದರೂ ಕಸಿದುಕೊಂಡ. ಅವನಿಗೆ ಎಪ್ಪತ್ತೆರಡು.

ನಮ್ಮ ಮನೆ ಬಸ್ರೂರಿನಿಂದ ಸ್ವಲ್ಪ ಒಳಗೆ, ವಾರಾಹಿ ಹೊಳೆಯ ಬದಿಗೆ. ಈಗ ಬಸ್ರೂರು ಒಂದು ಸಣ್ಣ ಪೇಟೆ. ಹಿಂದೆ ದೊಡ್ಡ ಬಂದರಾಗಿತ್ತು, ಇಲ್ಲಿಂದ ಅಕ್ಕಿ ಹಡಗು ಹತ್ತುತ್ತಿತ್ತು, ಪೋರ್ಚುಗೀಸರು ಅದರ ಮೇಲೆ ಕಣ್ಣಿಟ್ಟಿದ್ದರು. 1665ರಲ್ಲಿ ಶಿವಾಜಿ ಮಹಾರಾಜರು ಸಮುದ್ರಮಾರ್ಗವಾಗಿ ಬಂದು ಈ ಪೇಟೆಯನ್ನು ಲೂಟಿ ಮಾಡಿ ಹೋದರು. ರಿಕ್ಷಾದಲ್ಲಿ ಇದನ್ನು ಹೇಳಿದಾಗ ಮಗಳು ಬೆಚ್ಚಿ ಕೂತಳು. ಶಾಲೆಯಲ್ಲಿ ಶಿವಾಜಿಯ ಚರಿತ್ರೆಯನ್ನು ಗಡಗಡ ಒಪ್ಪಿಸಿದವಳು ಅವಳು. "ನಮ್ಮೂರಿಗಾ? ನಮ್ಮೂರಿಗೇ ಬಂದಿದ್ದರಾ?" ಎಂದಳು. "ನಮ್ಮೂರು" ಎಂಬ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಬರಲು ಒಂದು ಲೂಟಿಯೇ ಬೇಕಾಯಿತು ನೋಡಿ.

ಗದ್ದೆಗಳ ಹೆಸರನ್ನು ಅಣ್ಣ ಅವಳಿಗೆ ಕಲಿಸಿದ. ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು, ನಡುವಿನದು ಮಜಲು, ಮೇಲೆ ಮಳೆಯನ್ನೇ ನಂಬಿದ್ದು ಬೆಟ್ಟು. ನಮ್ಮದು ಒಟ್ಟು ಒಂದು ಎಕರೆ ಎಪ್ಪತ್ತು ಸೆಂಟ್ಸ್. ಅದೂ ಮೊದಲು ನಮ್ಮದಾಗಿರಲಿಲ್ಲ. ಅಪ್ಪ ಗೇಣಿ ಒಕ್ಕಲು. ಬೆಳೆದ ಭತ್ತದಲ್ಲಿ ಧನಿಗಳ ಮುಡಿ ಅಳೆದು ಕೊಟ್ಟು ಮಿಕ್ಕಿದ್ದು ನಮಗೆ. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು, ಉಳುವವನಿಗೇ ಹೊಲ ಎಂದಾಯಿತು. ಅದಕ್ಕೆ ಡಿಕ್ಲರೇಶನ್ ಕೊಡಬೇಕು, ಟ್ರಿಬ್ಯೂನಲ್ಲಿನ ಮುಂದೆ ಹಾಜರಾಗಬೇಕು. ಇಂದಿಗೂ ನಮ್ಮ ಕಡೆ ಅಂಥ ಭೂಮಿಗೆ ಡಿಕ್ಲರೇಶನ್ ಜಾಗ ಎಂದೇ ಹೆಸರು. ಅಪ್ಪನಿಗೆ ಓದು ಬಾರದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಅಣ್ಣ ಅರ್ಜಿ ತುಂಬಿ, ಸಾಕ್ಷಿ ಹೊಂದಿಸಿ, ಬಾಯಿದಾ ಬಿದ್ದ ದಿನಗಳಲ್ಲೆಲ್ಲ ಕುಂದಾಪುರಕ್ಕೆ ನಡೆದು ಹೋದ. ಧನಿಗಳ ಮನೆಯವರು ಎದುರು ಸಿಕ್ಕರೆ ಮಾತು ಬಿಟ್ಟರು. ಆಗ ನಾನು ಫೋರ್ಟಿನಲ್ಲಿ ಮೇಜು ಒರೆಸುತ್ತಿದ್ದೆ. ಈ ಸಂಗತಿಗಳೆಲ್ಲ ನನಗೆ ಗೊತ್ತಿದ್ದವು, ಊರಿನ ಸುದ್ದಿಯಾಗಿ. ಅಣ್ಣ ಮಾಡಿದ ಕೆಲಸವೆಂದು ಎಣಿಸಿರಲಿಲ್ಲ.

ಮೊದಲ ದಿನ ಜಾಗದ ಮಾತೆತ್ತಲಿಲ್ಲ, ಇಬ್ಬರೂ. ಭತ್ತಕ್ಕೆ ಸಿಗುವ ಬೆಲೆ, ಹಂದಿಯ ಕಾಟ, ಮುಂಬಯಿಯಲ್ಲಿ ಸತ್ತವರು, ಊರಿನಲ್ಲಿ ಸತ್ತವರು. ಎರಡನೆಯ ದಿನ ಹೊಳೆಯಾಚೆಗೆ ಕೊಟ್ಟ ತಂಗಿ ಬಂದಳು. ಅತ್ತಿಗೆಗೆ ಮಂಡಿನೋವು, ನೆಂಟರು ಬಂದರೆ ಅಡಿಗೆಗೆ ಇವಳೇ. ಬಂದವಳೇ ಸೆರಗು ಸಿಕ್ಕಿಸಿ ಒಳಗೆ ಹೋದಳು. ನಾವಿಬ್ಬರೂ ಜಗಲಿಯಲ್ಲಿ ಕೂತೆವು. ಅಣ್ಣ ದಸ್ತಾವೇಜು ಬರೆಯುವವರು ಮಾಡಿಕೊಟ್ಟ ಕರಡನ್ನು ತಂದು ನನ್ನ ಮುಂದಿಟ್ಟ. ನಾನು ಕನ್ನಡಕ ಹಾಕಿ ಓದತೊಡಗಿದೆ, ರಸ್ತೆಯ ಬದಿಯ ಹತ್ತು ಸೆಂಟ್ಸ್ ಯಾರ ಪಾಲಿಗೆ ಹೋಗಿದೆ ಎಂದು ಹುಡುಕುತ್ತ. ಅಣ್ಣನ ಪಾಲಿಗೆ ಹೋಗಿತ್ತು.

ಗಂಟಲು ಸರಿಮಾಡಿಕೊಂಡು ನಾನು ಮನಿಆರ್ಡರಿನಿಂದ ಶುರುಮಾಡಿದೆ. ಕೆಲಸಕ್ಕೆ ಸೇರಿದ ಮೇಲೆ ತಿಂಗಳು ತಪ್ಪದೆ ಕಳಿಸಿದ್ದೆ ಎಂದೆ. ಮಗಳು ಪಕ್ಕದಲ್ಲಿದ್ದಳು, ಅವಳೂ ಕೇಳಲಿ ಎಂಬ ಆಸೆಯೂ ಇತ್ತು. ಅಣ್ಣ ಏನೂ ಹೇಳದೆ ಎದ್ದು ಒಳಗೆ ಹೋಗಿ ಒಂದು ಸರಿಗೆ ತಂದ. ಹಳೆಯ ಮನೆಗಳಲ್ಲಿ ನೋಡಿರಬಹುದು: ಬಗ್ಗಿಸಿದ ದಪ್ಪ ಸರಿಗೆಗೆ ಬಂದ ಕಾಗದಗಳನ್ನು ಚುಚ್ಚಿ ಗೋಡೆಗೆ ತೂಗುಹಾಕುತ್ತಿದ್ದರು. ಅದರಲ್ಲಿದ್ದದ್ದು ನನ್ನ ಮನಿಆರ್ಡರ್ ಕೂಪನ್ನುಗಳು, ಅಂಚು ಕೆಂಪಾಗಿ, ಒಂದರ ಮೇಲೊಂದು.

ನಿಮ್ಮಲ್ಲಿ ಹೆಚ್ಚಿನವರು ಮನಿಆರ್ಡರ್ ಫಾರಂ ನೋಡಿರಲಾರಿರಿ. 1880ರಿಂದ ನಡೆದುಬಂದ ಆ ಪದ್ಧತಿಯನ್ನು ಅಂಚೆ ಇಲಾಖೆ 2015ರಲ್ಲಿ ನಿಲ್ಲಿಸಿತು. ಫಾರಮಿನ ಒಂದು ತುದಿಯಲ್ಲಿ ಸಂದೇಶಕ್ಕೆಂದು ಅಂಗೈಯಗಲದ ಜಾಗವಿರುತ್ತಿತ್ತು. ಪೋಸ್ಟ್‌ಮ್ಯಾನ್ ದುಡ್ಡು ಎಣಿಸಿ ಕೊಟ್ಟು, ಸಹಿ ಹಾಕಿಸಿಕೊಂಡು, ಆ ತುಂಡನ್ನು ಹರಿದು ಮನೆಯವರಿಗೆ ಕೊಡುತ್ತಿದ್ದ. ನನ್ನ ತಾರುಣ್ಯವೆಲ್ಲ ಆ ಅಂಗೈಯಗಲದಲ್ಲಿದೆ.

ಮಗಳು ಸರಿಗೆಯಿಂದ ಕೂಪನ್ನುಗಳನ್ನು ಬಿಡಿಸಿ ಜಗಲಿಯ ಮೇಲೆ ತಾರೀಕಿನಂತೆ ಸಾಲಾಗಿ ಹರಡಿದಳು. ಒಂದೊಂದಾಗಿ, ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದಳು. "75 ರೂ. ಕಳಿಸಿರುವೆ. ಗೊಬ್ಬರಕ್ಕೆ 30, ಅಮ್ಮನ ಕಣ್ಣಿಗೆ 20, ಉಳಿದದ್ದು ಅಂಗಡಿ ಬಾಕಿಗೆ. ತಂಗಿ ಹೊಳೆ ಬದಿಗೆ ಒಬ್ಬಳೇ ಹೋಗಬಾರದು. ಕೊಟ್ಟಿಗೆಯ ಮಾಡು ಹೊದಿಸಿ." ಹೀಗೆ. ಅಣ್ಣ ನಕ್ಕ. "ಎಪ್ಪತ್ತೈದ್ ರೂಪಾಯ್ಗೆ ಏಳ್ ಅಪ್ಪಣೆ ಮಾರಾಯ ನಿಂದು" ಎಂದ. ನಾನೂ ನಕ್ಕೆ. ಒಳಗೆ ತೆಂಗಿನಕಾಯಿ ತುರಿಯುವ ಸದ್ದು ನಡೆದೇ ಇತ್ತು.

ಓದುತ್ತ ಹೋದವಳು ನಿಲ್ಲಿಸಿದಳು. "ಅಪ್ಪಾ, ಇಲ್ಲಿ ಇಲ್ಲವಲ್ಲ. 1982ರ ಜನವರಿ ಇದೆ. ಆಮೇಲೆ 1983ರ ಸೆಪ್ಟೆಂಬರ್." ಬೆರಳು ಮಡಚಿ ಎಣಿಸಿದಳು. "ಹತ್ತೊಂಬತ್ತು ತಿಂಗಳು ಇಲ್ಲ."

1982ರ ಜನವರಿ 18ರಂದು ಮುಂಬಯಿಯ ಬಟ್ಟೆಗಿರಣಿಗಳ ಮುಷ್ಕರ ಶುರುವಾಯಿತು. ದತ್ತಾ ಸಾಮಂತರು ಮುಂದಾಳು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಒಂದೆರಡು ತಿಂಗಳಲ್ಲಿ ಮುಗಿದೀತೆಂದು ಎಲ್ಲರೂ ಎಣಿಸಿದ್ದರು. ಅದು ಮುಗಿಯಲೇ ಇಲ್ಲ, ಎಷ್ಟೋ ಗಿರಣಿಗಳೇ ಮುಗಿದವು. ಅಂಥ ಜಾಗಗಳಲ್ಲಿ ಈಗ ನೀವು ಸಿನಿಮಾ ನೋಡಲು ಹೋಗುವ ಮಾಲ್‌ಗಳಿವೆ. ನಮ್ಮ ಆಫೀಸಿಗೂ ಬೀಗ ಬಿತ್ತು. ಬಸುರಿ ಹೆಂಡತಿಯನ್ನು ಊರಿಗೆ ಕಳಿಸಿದೆ. ನನ್ನ ಹಿರಿಯ ಮಗ ಹುಟ್ಟಿದ್ದು ಆ ಜಗಲಿಯ ಹಿಂದಿನ ಕೋಣೆಯಲ್ಲಿ. ನಾನು ಹಳೆಯ ಕ್ಯಾಂಟೀನಿನ ಗೆಳೆಯರ ದಾಕ್ಷಿಣ್ಯದಲ್ಲಿ ಉಂಡೆ. ಮಸ್ಜಿದ್ ಬಂದರಿನ ದಿನಸಿ ವ್ಯಾಪಾರಿಯೊಬ್ಬರ ಲೆಕ್ಕ ಬರೆಯುವ ಕೆಲಸ ಸಿಗುವವರೆಗೆ ಊರಿಗೆ ಒಂದು ರೂಪಾಯಿ ಕಳಿಸಲಾಗಲಿಲ್ಲ. ಮುಷ್ಕರದ ಈ ಕತೆಯನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ನನ್ನ ಹೊಟ್ಟೆಯ ಕತೆಯಾಗಿ ಹೇಳಿದ್ದೇನೆ. ಆ ಹತ್ತೊಂಬತ್ತು ತಿಂಗಳು ಊರಿನಲ್ಲಿ ನನ್ನ ಹೆಂಡತಿ ಮಗು ಏನು ಉಂಡರು, ಯಾರು ಉಣ್ಣಿಸಿದರು ಎಂಬ ಅಧ್ಯಾಯ ಅದರಲ್ಲಿರಲಿಲ್ಲ.

ಮಗಳು ಸೆಪ್ಟೆಂಬರಿನ ಕೂಪನ್ನು ಓದಿದಳು. "50 ರೂ. ಕಳಿಸಿರುವೆ. ಕೆಲಸ ಸಿಕ್ಕಿದೆ. ಇನ್ನು ತಪ್ಪುವುದಿಲ್ಲ. ತಂಗಿಯ ಬಳೆ ಬಿಡಿಸಲು ಬರುವ ತಿಂಗಳು ಕಳಿಸುತ್ತೇನೆ."

ತುರಿಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

"ಯಾವ ಬಳೆ?" ಎಂದು ಮಗಳು ಕೇಳಿದಳು. ನಾನು ಅಣ್ಣನ ಮುಖ ನೋಡಿದೆ. ಅಕ್ಷರ ನನ್ನದೇ, ಕೊಕ್ಕೆ ಬಾಲದ ಅದೇ ಳಕಾರ. ಆದರೆ ಆಣೆಯಿಟ್ಟು ಹೇಳುತ್ತೇನೆ, ನನಗೆ ನೆನಪಿರಲಿಲ್ಲ. ಅವಳು ಮುಂದಿನ ತಿಂಗಳ ಕೂಪನ್ನು ಹುಡುಕಿದಳು, ಅದರ ಮುಂದಿನದನ್ನೂ. ಗೊಬ್ಬರವಿತ್ತು, ಅಮ್ಮನ ಔಷಧಿಯಿತ್ತು, ಕೊಟ್ಟಿಗೆಯ ಮಾಡು ಮತ್ತೊಮ್ಮೆ ಬಂದಿತ್ತು. ಬಳೆ ಎಲ್ಲೂ ಇರಲಿಲ್ಲ.

ಅಣ್ಣನೇ ಹೇಳಿದ, ಹಂಚಿನ ಮಾಡನ್ನು ನೋಡುತ್ತ. ಬಾಣಂತನದ ಖರ್ಚಿಗೆ ತಂಗಿಯ ಮದುವೆಗೆಂದು ಮಾಡಿಸಿಟ್ಟ ಒಂದು ಜೊತೆ ಬಳೆಯನ್ನು ಸೊಸೈಟಿಯಲ್ಲಿ ಅಡವಿಟ್ಟದ್ದು. ಬಿಡಿಸಿದ್ದು ಎರಡು ವರ್ಷ ಕಳೆದು, ನೆಲಗಡಲೆ ಮಾರಿ. ಅದರ ನಡುವೆ ಒಂದು ಸಂಬಂಧ ಬಂದಿತ್ತು, ಬಳೆ ಕೈಗೆ ಬರಲಿ ಎಂದು ತಡೆದರು, ಅವರು ಬೇರೆ ಕಡೆ ನೋಡಿಕೊಂಡರು. ಬೇಸರದಿಂದ ಹೇಳಿದ್ದಲ್ಲ. ಆ ವರ್ಷ ಮಳೆ ತಡವಾಗಿ ಬಂತು ಎಂಬ ಧಾಟಿಯಲ್ಲಿ ಹೇಳಿದ.

ತಂಗಿ ಬಾಗಿಲಿಗೆ ಬಂದು, "ಅದೆಲ್ಲ ಹಳೆ ಕತಿ. ಉಂಬುಕೆ ಬನಿ" ಎಂದಳು. ಕೈಗೆ ಅಂಟಿದ ಕಾಯಿತುರಿಯನ್ನು ಸೆರಗಿಗೆ ಒರೆಸುತ್ತಿದ್ದಳು.

ಊಟಕ್ಕೆ ಏಳುವ ಮೊದಲು ಮಗಳು ಆ ಕರಡನ್ನು ಕೈಗೆತ್ತಿಕೊಂಡಿದ್ದಳು. ಅವಳಿಗೆ ದಸ್ತಾವೇಜಿನ ಕನ್ನಡ ತಿಳಿಯಲಿಲ್ಲ, ಹೆಸರುಗಳನ್ನಷ್ಟೇ ಹುಡುಕಿದಳು. "ಅಪ್ಪಾ, ಇದರಲ್ಲಿ ಅತ್ತೆಯ ಹೆಸರು ಎಲ್ಲಿದೆ?"

ಇರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಕಟ್ಟಿನ ಮನೆಗಳೂ ಇವೆ, ನಮ್ಮದು ಮಕ್ಕಳಕಟ್ಟು. ಮಕ್ಕಳೆಂದರೆ ಗಂಡುಮಕ್ಕಳೆಂದು ನಾವಾಗಿಯೇ ಅರ್ಥ ಮಾಡಿಕೊಂಡಿದ್ದೆವು. 2005ರಲ್ಲಿ ಕಾನೂನು ತಿದ್ದುಪಡಿಯಾಗಿದೆ, ಹುಟ್ಟಿನಿಂದಲೇ ಹೆಣ್ಣುಮಕ್ಕಳಿಗೂ ಸಮಪಾಲು, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಸ್ಪಷ್ಟ ಮಾಡಿದೆ ಎಂದು ಮಗಳು ಹೇಳಿದಳು. ಮರುದಿನ ಕುಂದಾಪುರದಲ್ಲಿ ವಿಚಾರಿಸಿದಾಗ ವಕೀಲರು ಕಾಗದ ನೋಡಿ, ಅಪ್ಪನ ಸ್ವಂತದ್ದೆಂದರೂ ಅಷ್ಟೆ, ಕುಟುಂಬದ್ದೆಂದರೂ ಅಷ್ಟೆ, ಅಪ್ಪ ವಿಲ್ ಬರೆಯದೆ ತೀರಿದ್ದರಿಂದ ಸ್ವಂತದ್ದಾದರೆ 1956ರ ಕಾಯಿದೆಯಲ್ಲೇ ಮಗಳಿಗೂ ಪಾಲಿದೆ ಎಂದರು. ಅಂದರೆ ನಾವು ಮರೆತದ್ದು ನಿನ್ನೆ ಮೊನ್ನೆಯ ಕಾನೂನನ್ನಲ್ಲ. ನಾನು ಹುಟ್ಟುವ ಮೊದಲಿನದನ್ನು.

ಬರಿಯ ಸಹಿ ತಪ್ಪಿಸಲು ನಾನು ಮಗಳನ್ನು ಮುಂದೆ ಬಿಟ್ಟೆನೆಂದು ಅಣ್ಣನ ಮಗನಿಗೆ ಮೊದಲು ಅನುಮಾನ ಬಂತು. ಮುಖ ಸಣ್ಣದಾಯಿತು. ಅವನಿಗೂ ಸಾಲದ ಚಿಂತೆ. ತಂಗಿಯಂತೂ "ನಂಗೆಂತಕ್ಕೆ ಜಾಗ, ನಾ ಎಲ್ಲಿ ಸಹಿ ಹಾಕ್ಕಂಬ್ರೂ ಹಾಕ್ತೆ" ಎಂದಳು. ಅವಳು ಹಾಗೆನ್ನುತ್ತಾಳೆಂದು ನಮಗೆಲ್ಲರಿಗೂ ಗೊತ್ತಿದ್ದುದರಿಂದಲೇ ಕರಡಿನಲ್ಲಿ ಅವಳ ಹೆಸರಿರಲಿಲ್ಲ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕಡೆಗೆ ಅಣ್ಣ ಕರಡನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, "ಮೂರ್ ಹೆಸ್ರಲ್ಲಿ ಬರೆಸುವ" ಎಂದ. ಮೇ ತಿಂಗಳಿಗೆ ಮತ್ತೆ ಬರಬೇಕು.

ನಾನು ಆ ಹತ್ತು ಸೆಂಟ್ಸ್ ಮಾತನ್ನು ಎತ್ತಲಿಲ್ಲ. ಮರೆತೆ ಎಂದು ಹೇಳಲಾರೆ. ಹೊರಡುವ ದಿನ ಸಂಜೆ ರಸ್ತೆಗೆ ಹೋಗಿ ನಿಂತು ಕಣ್ಣಳತೆಯಲ್ಲಿ ಒಮ್ಮೆ ಅಳೆದು ಬಂದೆ.

ವಾಪಸು ಬರುವಾಗ ಸ್ಟೇಶನ್ನಿಗೆ ಅಣ್ಣನೂ ತಂಗಿಯೂ ಬಂದರು. ಕುಂದಾಪುರದಲ್ಲಿ ಗಾಡಿ ನಿಲ್ಲುವುದು ಒಂದೆರಡು ನಿಮಿಷ. ಅಷ್ಟರಲ್ಲಿ ಹನ್ನೆರಡು ತೆಂಗಿನಕಾಯಿ, ಹತ್ತು ಕಿಲೋ ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಮಗಳ ಕೈಗೆ ಅಬ್ಬಲಿಗೆ ಮಾಲೆ. ಆ ಸೆಪ್ಟೆಂಬರಿನ ಕೂಪನ್ನನ್ನು ಮಗಳು ದೊಡ್ಡಪ್ಪನ ಹತ್ತಿರ ಕೇಳಿ ತೆಗೆದುಕೊಂಡಿದ್ದಳು. ಪರ್ಸಿನಲ್ಲಿ, ಲೋಕಲ್ ಪಾಸಿನ ಹಿಂದೆ ಇಟ್ಟಿದ್ದಾಳೆ. ಯಾಕೆಂದು ನಾನು ಕೇಳಲಿಲ್ಲ.

ಡೊಂಬಿವಲಿಗೆ ಬಂದ ಬೆಳಿಗ್ಗೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಬಳೆಯ ವಿಷಯವನ್ನು ಸ್ವಲ್ಪ ತಡೆದು, ಚಹಾ ಕುಡಿದ ಮೇಲೆ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ.

"ಗೊತ್ತುಂಟು. ಅಡವಿಡಲು ಹೋದ ದಿನ ಅವಳ ಜೊತೆ ಸೊಸೈಟಿಗೆ ಹೋದದ್ದು ನಾನೇ."

"ಮತ್ತೆ ಇಷ್ಟು ವರ್ಷ ಹೇಳಲಿಲ್ಲ?"

"ನೀವು ಕೇಳಿದ್ದು ಯಾವಾಗ?" ಎಂದು ಅಕ್ಕಿಯ ಚೀಲದ ಬಾಯಿ ಬಿಚ್ಚಿ, ಒಂದು ಮುಷ್ಟಿ ತೆಗೆದು ಮೂಸಿ ನೋಡಿದಳು. "ಈ ಸಲದ್ದು ಹೊಸ ಅಕ್ಕಿ" ಎಂದಳು.